ಕ್ಲಾಂಗಿನಲ್ಲಿ ಮಡಿವಾಳ ಹಕ್ಕಿ

ಜೂಜುವಾಡಿ

ಪರದೇಶಕ್ಕೆ ಹೋಗಿಬಂದವರೆಲ್ಲ ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನನ್ನದು ಜೂಜುವಾಡಿಯಲ್ಲಿ ಶುರುವಾಗಿ ಅಲ್ಲೇ ಮುಗಿದುಹೋಗುವಂತಿತ್ತು. ತಮಿಳುನಾಡಿನ ತಳಿಯಿಂದ ಹೊರಟ ನಮ್ಮ ಕಾರು ಅಲ್ಲಿನ ಗಡಿಯ ಲಾರಿಗಳ ನಡುವೆ ಸಿಕ್ಕಿಕೊಂಡು ಎಷ್ಟು ಹೊತ್ತು ನಿಂತಿತೆಂದರೆ, ಮುಂದಿನ ಲಾರಿಯ ಕ್ಲೀನರು ಹಿಂಬದಿಗೆ ಕಟ್ಟಿದ್ದ ಒದ್ದೆ ಲುಂಗಿ ನಮ್ಮ ಕಣ್ಣೆದುರೇ ಒಣಗಿತು. ಸರಿಯಾಗಿ ಹಿಂಡದೆ ಕಟ್ಟಿದ್ದ. ಹೇಳೋಣವೆಂದು ಕಿಟಕಿ ಇಳಿಸಿದೆ. ವಿಮಾನ ನಿಲ್ದಾಣಕ್ಕೆ ಬಿಡಲು ಬಂದಿದ್ದ ಮಗಳು ರತ್ನ ಏರಿಸಿದಳು.

"ಫ್ಲೈಟ್ ತಪ್ಪೋಗ್ತದೇಂತ ನಂಗೆ ಎದೆ ಹೊಡ್ಕಂತಾ ಐತೆ. ನಿಂಗೆ ಲುಂಗಿ ಚಿಂತೆ!"

"ಫ್ಲೈಟು ಎಲ್ಲೈತೋ ಕಾಣಾಕಿಲ್ಲ. ಲುಂಗಿ ಕಾಣ್ತಾ ಐತೆ ಕಣೇ."

ನಾವು ಮಡಿವಾಳರು. ನಾನು ಕೆರೆಯ ಕಲ್ಲಿನ ಮೇಲೆ ಊರಿನ ಬಟ್ಟೆ ಬಡಿದು ಬೆಳೆದವಳು. ಈಗ ತಳಿಯ ಬಸ್ಸು ನಿಲ್ಲುವ ಕಡೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದೇನೆ. ಕನ್ನಡ ಸ್ಕೂಲಿನಲ್ಲಿ ಮೂರನೇ ಕ್ಲಾಸಿನವರೆಗೆ ಕೂತಿದ್ದೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಇದನ್ನು ನಾನು ಹೇಳಿದೆ, ರತ್ನ ಬರೆದಳು. ನಡುನಡುವೆ ಅವಳು ಸೇರಿಸಿದ್ದ ಸೂರ್ಯೋದಯಗಳನ್ನು ತೆಗೆಸಿದ್ದೇನೆ.

ಹೊರಟಿದ್ದು ಮಲೇಷಿಯಾಕ್ಕೆ, ಕ್ಲಾಂಗ್ ಎಂಬ ಊರಿಗೆ, ತಂಗಿ ಸಾಕಮ್ಮನ ಮನೆಗೆ. ಮದುವೆಯಾಗಿ ಹೋದ ಮೇಲೆ ಅವಳು ಆಗೊಮ್ಮೆ ಈಗೊಮ್ಮೆ ಬಂದಿದ್ದಳೇ ಹೊರತು ನಾನು ಹೋದವಳಲ್ಲ. ಈಗಲೂ ಕರೆದದ್ದು ಅವಳಲ್ಲ, ಅವಳ ಮೊಮ್ಮಗಳು ಕವಿತಾ. ಸಾಕಮ್ಮ ಅಲ್ಲಿ ಕೈಯಲ್ಲಿ ಒಗೆದು ಒಗೆದು ಬಟ್ಟೆ ಒಗೆಯುವ ಅಂಗಡಿಯೊಂದನ್ನು ಕಟ್ಟಿದ್ದಳು. ಅದನ್ನು ಈಗ ಈ ಹುಡುಗಿ ನಡೆಸುತ್ತಾಳೆ. ಇನ್ನೊಂದು ಅಂಗಡಿ ತೆರೆಯುವವಳಿದ್ದಳು. ಅದಕ್ಕೆ 'ಮಡಿವಾಳ' ಎಂದು ಹೆಸರಿಟ್ಟು, ಬೋರ್ಡಿನ ಮೇಲೆ ಮಡಿವಾಳ ಹಕ್ಕಿಯ ಚಿತ್ರ ಬರೆಸಬೇಕೆಂದು ಅವಳ ಆಸೆ. ಆ ಹೆಸರು ಮೇಲೇರಿದರೆ ತಾನು ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಸಾಕಮ್ಮನ ಹಟ.

"ಪೆರಿಯ ಪಾಟಿ, ನೀವು ಬಂದು ಪಾಟಿಗೆ ಹೇಳ್ಬೇಕು," ಎಂದು ಕವಿತಾ ಫೋನಿನಲ್ಲಿ ತಮಿಳಿನಲ್ಲಿ ಗೋಗರೆದಳು. ಪಾಟಿ ಅಂದರೆ ಅಜ್ಜಿ, ಸಾಕಮ್ಮ. ಪೆರಿಯ ಪಾಟಿ ಅಂದರೆ ದೊಡ್ಡಜ್ಜಿ, ನಾನು. "ಪಾಟಿ ಬಂದು ದೀಪ ಹಚ್ಚದೆ ನಾನು ಬಾಗಿಲು ತೆಗೆಯೋಳಲ್ಲ."

ಒಬ್ಬಳು ಹೊಸ್ತಿಲು ತುಳಿಯುವುದಿಲ್ಲ, ಇನ್ನೊಬ್ಬಳು ಬಾಗಿಲು ತೆಗೆಯುವುದಿಲ್ಲ. ಇದಕ್ಕೆ ನಾನು ಸಮುದ್ರ ದಾಟಬೇಕು.

ಹಕ್ಕಿಯನ್ನು ನೀವೂ ನೋಡಿರುತ್ತೀರಿ. ಮೈ ಕಪ್ಪು, ಹೊಟ್ಟೆ ಬಿಳುಪು, ರೆಕ್ಕೆಗೊಂದು ಬಿಳಿ ಪಟ್ಟೆ, ಬಾಲ ಯಾವಾಗಲೂ ಆಕಾಶಕ್ಕೆ. ಕೋಳಿಗಿಂತ ಮೊದಲೇ ಎದ್ದು ಶಿಳ್ಳೆ ಹಾಕುತ್ತದೆ. ಹಾಡುವುದು ಮಾತ್ರ ಚೆನ್ನ, ಅದನ್ನು ಅಲ್ಲಗಳೆಯುವುದಿಲ್ಲ. ಒಗೆದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ ಹಾಗೆ ಕಾಣುವುದರಿಂದ ಮಡಿವಾಳ ಎಂಬ ಹೆಸರು ಬಂತು ಎನ್ನುತ್ತಾರೆ ಕೆಲವರು. ಬಾಲ ಎತ್ತಿ ಇಳಿಸುವುದು ಕಲ್ಲಿಗೆ ಬಟ್ಟೆ ಬಡಿದ ಹಾಗೆ ಇರುವುದರಿಂದ ಎನ್ನುತ್ತಾರೆ ಇನ್ನು ಕೆಲವರು. ಹೀಗೆ ಹೇಳುವವರು ಯಾರೂ ಬಟ್ಟೆ ಒಗೆದವರಲ್ಲ. ಒಗೆದ ಬಟ್ಟೆಯ ಮೇಲೆ ಆ ಹಕ್ಕಿ ಬಂದು ಏನು ಮಾಡಿ ಹೋಗುತ್ತದೆಂದು ನಮ್ಮನ್ನು ಕೇಳಿದ್ದರೆ ಬೇರೆ ಹೆಸರು ಕೊಡುತ್ತಿದ್ದೆವು.

ವಿಮಾನ

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ರಾಗಿ ಹಿಟ್ಟನ್ನು ಒಬ್ಬ ಹುಡುಗ ಕೈಗವಸು ಹಾಕಿಕೊಂಡು ಮುಟ್ಟಿ ನೋಡಿದ. ಮುದ್ದೆ ತಿನ್ನದ ಮುಖ. ಆಮೇಲೆ ಅಡಿಯಲ್ಲಿದ್ದ ಬಿಳಿ ಬಟ್ಟೆಯ ಸುರುಳಿ ಎತ್ತಿದ. ಎಳೆದ, ಎಳೆದ, ಅದು ಮುಗಿಯಲೇ ಇಲ್ಲ.

"ಏನಮ್ಮಾ ಇದು, ಇಷ್ಟುದ್ದ?"

"ನಡೆಮಡಿ. ಮಡಚಿ ಕೊಡು. ಹಂಗಲ್ಲ, ಅಂಚಿಗೆ ಅಂಚು."

ದೇವರು ಊರೊಳಗೆ ಬರುವಾಗ, ಮದುಮಕ್ಕಳು ಮನೆ ತುಂಬುವಾಗ, ಅವರ ಕಾಲು ಮಣ್ಣಿಗೆ ತಾಗಬಾರದೆಂದು ದಾರಿಗೆ ಒಗೆದ ಬಟ್ಟೆ ಹಾಸುತ್ತಾರೆ. ಅದೇ ನಡೆಮಡಿ. ಹಾಸುವುದು ನಮ್ಮ ಮನೆಯವರ ಕೆಲಸ, ನಡೆಯುವುದು ಬೇರೆಯವರ ಕೆಲಸ. ಮುಂದೆ ಹಾಸುತ್ತಾ, ಹಿಂದೆ ಸುತ್ತುತ್ತಾ, ನಾವು ಪಕ್ಕದ ಮಣ್ಣಿನಲ್ಲಿ ನಡೆಯುತ್ತೇವೆ. ಶುಭಕಾರ್ಯಕ್ಕೆ ಹೋಗುವಾಗ ಅದನ್ನು ಚೀಲಕ್ಕೆ ತುರುಕುವುದು ಕೈಗೆ ಅಭ್ಯಾಸವಾಗಿಬಿಟ್ಟಿದೆ. ಅಲ್ಲಿ ಏನಕ್ಕೆ ಬೇಕಾಗುತ್ತದೆಂದು ಯೋಚಿಸಿರಲಿಲ್ಲ.

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಹೊದೆಯಲು ಕೊಟ್ಟ ಕಂಬಳಿಯಲ್ಲಿ ಹಳೆಯ ಸಾರಿನ ಕಲೆ ಇತ್ತು. ಇಳಿಯುವಾಗ ಎಲ್ಲರೂ ಕಂಬಳಿಗಳನ್ನು ಉಂಡೆ ಮಾಡಿ ಬಿಸಾಕಿದ್ದರು. ನೋಡಲಾಗದೆ ನಮ್ಮ ಸಾಲಿನವನ್ನೆಲ್ಲ ಮಡಚಿಟ್ಟೆ. ಹಿಂದಿನವರು ಇಳಿಯಲಾಗದೆ ನಿಂತು ಗೊಣಗಿದರು. ಸುಂದರಿಯೊಬ್ಬಳು ಬಂದು ಕೈಮುಗಿದು ನನ್ನನ್ನು ಹೊರಗೆ ಕಳಿಸಿದಳು. ಮಡಚಿದ್ದಕ್ಕೆ ಕೈಮುಗಿದಳೋ, ತೊಲಗಲಿ ಎಂದು ಮುಗಿದಳೋ ತಿಳಿಯಲಿಲ್ಲ.

ಕ್ಲಾಂಗಿನ ಬೀದಿ

ಕವಿತಾ ಕಾರು ಓಡಿಸುತ್ತಿದ್ದಳು. ನನಗೆ ಇಂಗ್ಲಿಷ್ ಅಕ್ಷರ ಬಾರದು, ಆಕಾರ ಗೊತ್ತಾಗುತ್ತದೆ. ಕಾಫಿ ಅಂಗಡಿಯ ಪಕ್ಕ, ಔಷಧಿ ಅಂಗಡಿಯ ಪಕ್ಕ, ದೇವಸ್ಥಾನದ ಎದುರು, ಒಂದೇ ಆಕಾರದ ನಾಲ್ಕು ಅಕ್ಷರ ಮತ್ತೆ ಮತ್ತೆ ಬರುತ್ತಿತ್ತು.

"ಏನಮ್ಮಿ ಅದು? ಯಾರಾದ್ರೂ ಎಲೆಕ್ಷನ್‌ಗೆ ನಿಂತವ್ರಾ?"

"ಡೋಬಿ ಅಂತ ಬರೆದಿದೆ ಪಾಟಿ. ಇಲ್ಲಿ ಬಟ್ಟೆ ಒಗೆಯೋ ಅಂಗಡೀಗೆ ಹಂಗೇ ಅನ್ನೋದು."

"ಇಷ್ಟೊಂದು ಜನ ನಮ್ಮೋರು ಇಲ್ಲವ್ರಾ?"

"ನಮ್ಮೋರಲ್ಲ. ಚೀನಾದೋರು, ಮಲಯದೋರು, ಎಲ್ಲಾರೂ ನಡೆಸ್ತಾರೆ. ಇಲ್ಲಿ ಡೋಬಿ ಅಂದ್ರೆ ಅಂಗಡಿ ಅಷ್ಟೇ."

ಇಳಿದು ಒಂದರೊಳಗೆ ನೋಡಿದೆ. ಒಗೆಯುವವರೇ ಇಲ್ಲ! ಗೋಡೆ ತುಂಬ ಗುಂಡು ಕಿಟಕಿಯ ಯಂತ್ರಗಳು. ಜನ ತಮ್ಮ ಬಟ್ಟೆ ತಾವೇ ತಂದು, ತುರುಕಿ, ಕಾಸು ಹಾಕಿ, ಕುರ್ಚಿಯಲ್ಲಿ ಕೂತು ಅದು ಸುತ್ತುವುದನ್ನು ದೇವರ ಅಭಿಷೇಕದ ಹಾಗೆ ನೋಡುತ್ತಿದ್ದರು. ನಮ್ಮೂರಿನಲ್ಲಿ ಯಾವ ಮನೆಯ ಬಟ್ಟೆಗೆ ಯಾವ ಗುರುತು ಎಂದು ತಲೆಯಲ್ಲಿಟ್ಟುಕೊಂಡು, ಯಾರ ಮನೆಯಲ್ಲಿ ಮಗುವಾಗಲಿದೆ ಎಂಬುದನ್ನು ಅವರ ಅತ್ತೆಗಿಂತ ಮೊದಲು ತಿಳಿದುಕೊಳ್ಳುತ್ತಿದ್ದೆವು. ಈ ಊರಿನಲ್ಲಿ ಗುಟ್ಟೆಲ್ಲ ಯಂತ್ರದ ಪಾಲು. ಅದು ಯಾರಿಗೂ ಹೇಳುವುದಿಲ್ಲ. ವ್ಯರ್ಥ.

ಸಾಕಮ್ಮನ ಹಿತ್ತಲು

ಸಾಕಮ್ಮ ದಪ್ಪಗಾಗಿದ್ದಳು. ನೋಡಿದ ಕೂಡಲೇ ಹೇಳಿದೆ. ನೀನು ಒಣಗಿದ್ದೀಯೆಂದು ಅವಳು ಹೇಳಿದಳು. ಕ್ಷೇಮ ಸಮಾಚಾರ ಮುಗಿಯಿತು.

ಹಿತ್ತಲಿನ ತೆಂಗಿನ ಗರಿಯ ಮೇಲೆ ಅದೇ ಹಕ್ಕಿ ಕೂತಿತ್ತು. ಅದೇ ಕಪ್ಪು, ಅದೇ ಬಿಳುಪು, ಅದೇ ಸೊಕ್ಕಿನ ಬಾಲ. ಶಿಳ್ಳೆ ಹಾಕಿತೋ ಇಲ್ಲವೋ ಸಾಕಮ್ಮ ಪೊರಕೆ ಬೀಸಿದಳು. "ತೊಲಗು!"

ಬೇಲಿಯಾಚೆಯಿಂದ ಒಬ್ಬ ಹೆಂಗಸು ನಗುತ್ತಾ ಏನೋ ಕೂಗಿದರು. ಅವರು ರೊಕಿಯಾ, ಪಕ್ಕದ ಮನೆಯ ಮಲಯದವರು. ಎಲ್ಲರೂ ಅವರನ್ನು ಮಚಿಕ್ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅದು ಚಿಕ್ಕಮ್ಮ, ದೊಡ್ಡಮ್ಮ ಎಂದ ಹಾಗೆ. ಅವರ ಮಾತನ್ನು ಕವಿತಾ ನನಗೆ ತಿರುಗಿಸಿ ಹೇಳಿದಳು.

"ಬೆಳಗ್ಗಿಂದ ಈ ಮುರಾಯ್ ಹಕ್ಕಿ ಕೂಗ್ತಾ ಇತ್ತಂತೆ. ಅದು ಮನೆ ಮುಂದೆ ಕೂಗಿದ್ರೆ ನೆಂಟರು ಬರ್ತಾರಂತೆ. ನೀವು ಬಂದ್ರಲ್ಲ ಅಂತಿದ್ದಾರೆ."

"ನಮ್ಮಲ್ಲಿ ಆ ಕೆಲಸ ಕಾಗೇದು ಅಂತ ಹೇಳು. ಈ ಹಕ್ಕಿಗೆ ಬಟ್ಟೆ ಒಗೆಯೋ ಕೆಲಸ ಕೊಟ್ಟೀವಿ."

ಮಚಿಕ್ ಬೇಲಿ ಹಿಡಿದುಕೊಂಡು ನಕ್ಕರು. ಆಮೇಲೆ ನಾನು ಅವರ ಹಗ್ಗದ ಮೇಲಿದ್ದ ಬಟ್ಟೆಯನ್ನು ತೋರಿಸಿ, ಬಣ್ಣದ ಬಟ್ಟೆಯನ್ನು ಬಿಸಿಲಿಗೆ ಒಳಮಗ್ಗುಲಾಗಿ ಹಾಕಬೇಕೆಂದೆ. ಅವರ ಮೇಲಂಗಿಯ ತೋಳಿನ ಹೊಲಿಗೆ ಬಿಟ್ಟಿದೆಯೆಂದೆ. ನೀಲಿ ಹೆಚ್ಚಾಗಿದೆಯೆಂದೆ. ಕವಿತಾ ಅಷ್ಟನ್ನೂ ತಿರುಗಿಸುತ್ತಾ ಸುಸ್ತಾದಳು. ಮಚಿಕ್ ಒಂದೇ ಮಾತು ಹೇಳಿದರು. ಕವಿತಾ ಬಾಯಿ ಮುಚ್ಚಿಕೊಂಡಳು.

"ಏನಂತೆ?"

"ಬೇಡ ಪಾಟಿ."

"ಹೇಳೇ!"

"ಬಾಲ ಕಿತ್ತ ಮುರಾಯ್ ಅಂತೆ ನೀವು. ಇಲ್ಲಿ ನಿಲ್ಲಿಸದೆ ಮಾತಾಡೋರಿಗೆ ಹಂಗಂತಾರೆ."

ಸಾಕಮ್ಮ ಆ ದಿನ ಮೊದಲ ಬಾರಿ ನಕ್ಕಳು. ಅದೇ ಸಮಯ ಎಂದು ನಾನು ಬೋರ್ಡಿನ ಮಾತು ತೆಗೆದೆ. ನಗು ಅಲ್ಲೇ ಆರಿತು.

"ಬೀದಿ ಬೀದೀಲಿ ಡೋಬಿ ಅಂತ ಬರ್ಕಂಡವ್ರೆ. ನಿನ್ನ ಹಳೇ ಅಂಗಡಿ ಮೇಲೂ ಐತೆ. ಡೋಬಿ ಆದ್ರೆ ಆಯ್ತದೆ, ಮಡಿವಾಳ ಆದ್ರೆ ಆಗಾಕಿಲ್ವಾ?"

"ಡೋಬಿ ಅಂತ ನನ್ನ ನೋಡಿ ಯಾರೂ ಶಿಳ್ಳೆ ಹಾಕ್ಲಿಲ್ಲ ಕಣಕ್ಕ."

ನನಗೆ ತಿಳಿಯಿತು. ನಾವಿಬ್ಬರೂ ಹುಡುಗಿಯರಾಗಿದ್ದಾಗ ಬಟ್ಟೆ ಗಂಟು ಹೊತ್ತು ಬೀದಿಯಲ್ಲಿ ಬಂದರೆ ಕಟ್ಟೆಯ ಮೇಲಿನ ಹುಡುಗರು ಆ ಹಕ್ಕಿಯ ಹಾಗೆಯೇ ಶಿಳ್ಳೆ ಹಾಕುತ್ತಿದ್ದರು. "ಮಡಿವಾಳ ಬಂತು, ಬಾಲ ಎತ್ತು" ಎನ್ನುತ್ತಿದ್ದರು. ತಮಿಳಿನ ಹುಡುಗರು ಅವರ ಭಾಷೆಯಲ್ಲಿ "ವಣ್ಣಾತ್ತಿ ಕುರುವಿ" ಎನ್ನುತ್ತಿದ್ದರು, ಒಗೆಯುವವಳ ಗುಬ್ಬಿ ಎಂದು. ನಾನು ಗಂಟು ಇಳಿಸಿ ಕಲ್ಲು ಹೊಡೆಯುತ್ತಿದ್ದೆ. ಗುರಿ ಚೆನ್ನಾಗಿತ್ತು. ಸಾಕಮ್ಮ ಗಂಟಿನ ಮರೆಗೆ ಮುಖ ಇಟ್ಟುಕೊಂಡು ಓಡುತ್ತಿದ್ದಳು. ಕಲ್ಲು ಹೊಡೆದವಳು ಊರಿನಲ್ಲೇ ಉಳಿದೆ. ಓಡಿದವಳು ಮಲೇಷಿಯಾದವರೆಗೆ ಓಡಿದಳು. ಹಕ್ಕಿ ಅವಳಿಗಿಂತ ಮೊದಲೇ ಬಂದು ತೆಂಗಿನ ಗರಿಯ ಮೇಲೆ ಕೂತಿತ್ತು.

"ಅವ್ರಲ್ಲಿ ಅರ್ಧ ಜನ ಸತ್ತೋಗವ್ರೆ ಸಾಕಿ. ಇನ್ನರ್ಧಕ್ಕೆ ಹಲ್ಲಿಲ್ಲ. ಶಿಳ್ಳೆ ಹಾಕ್ತೀನಿ ಅಂದ್ರೂ ಗಾಳಿ ಬತ್ತದೆ."

"ನಿಂಗೆ ಎಲ್ಲಾ ತಮಾಷೆ," ಎಂದು ಎದ್ದು ಒಳಗೆ ಹೋದಳು.

ಇಸ್ತ್ರಿ ಮೇಜು

ಹಳೆಯ ಅಂಗಡಿಯಲ್ಲಿ ಇಸ್ತ್ರಿ ಮಾಡುವವನು ರಫೀಕ್. ಬಾಂಗ್ಲಾದೇಶದವನು, ತಲೆ ನರೆತ ಗಂಡಸು. ಸಾಕಮ್ಮನ ಬಾಯಿಂದ ಕಲಿತ ತಮಿಳನ್ನು ಅವಳ ಹಾಗೆಯೇ ಕನ್ನಡ ಬೆರೆಸಿ ಆಡುತ್ತಾನೆ. ಅವನ ಬಾಯಲ್ಲಿ ನಮ್ಮೂರಿನ "ಅಂಗೇ ಆಗ್ಲಿ ಬುಡಿ" ಕೇಳಿ ನನಗೆ ದಿಗಿಲಾಯಿತು.

ಅವನ ಕಾಲರ್ ಇಸ್ತ್ರಿ ಸರಿಯಿರಲಿಲ್ಲ. ತುದಿಯಿಂದ ನಡುವಿಗೆ ತರಬೇಕು, ಅವನು ನಡುವಿನಿಂದ ತುದಿಗೆ ತಳ್ಳುತ್ತಿದ್ದ. ತೋರಿಸಿದೆ. ಅವನು ಪ್ಯಾಂಟಿನ ಗೀರು ಕೂರಿಸುವ ಬಗೆ ನನಗೆ ತೋರಿಸಿದ, ಅದು ನನ್ನದಕ್ಕಿಂತ ಚೆನ್ನಾಗಿತ್ತು. ಹೇಳಲಿಲ್ಲ. ನಮ್ಮ ಜಗಳದ ಹಕ್ಕಿ ಯಾವುದೆಂದು ಕೇಳಿದ. ಗೋಡೆಗೆ ಒರಗಿಸಿದ್ದ ಹೊಸ ಬೋರ್ಡಿನ ಚಿತ್ರ ತೋರಿಸಿದೆ. ಚಿತ್ರದ ಕೆಳಗೆ ಹೆಸರಿನ ಜಾಗ ಖಾಲಿ ಇತ್ತು.

"ದೋಯೆಲ್!" ಎಂದವನೇ ಕಾಸಿನ ಚೀಲದ ಒಳಗಿನಿಂದ ಮಾಸಿದ ಸಣ್ಣ ನೋಟೊಂದನ್ನು ತೆಗೆದ. ಊರಿನ ನೆನಪಿಗೆ ಇಟ್ಟುಕೊಂಡದ್ದಂತೆ. ಅದರ ಮೇಲೆ ನಮ್ಮ ಹಕ್ಕಿ, ಬಾಲ ಎತ್ತಿಕೊಂಡು. "ನಮ್ ದೇಶಕ್ಕೇ ಇದು ಹಕ್ಕಿ ಅಮ್ಮಾ. ನಿಮಗೆ ನವಿಲು ಇದ್ದಂಗೆ."

ನೋಟನ್ನು ಅಲ್ಲೇ ಕೂತಿದ್ದ ಸಾಕಮ್ಮನ ಮುಂದೆ ಹಿಡಿದೆ. "ನೋಡೇ. ಒಂದು ದೇಶದೋರು ನೋಟಿನ ಮೇಲೆ ಕೂರಿಸವ್ರೆ, ನೀನು ಪೊರಕೆ ತಗೊಂಡು ಓಡಿಸ್ತೀಯ."

ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಅವ್ರು ದೋಯೆಲ್ ಅಂತಾರೆ," ಎಂದಳು. "ಮಡಿವಾಳ ಅನ್ನಾಕಿಲ್ಲವಲ್ಲ."

ಫೋನು

ರಾತ್ರಿ ಊಟ ಮಾಡುವಾಗ ಕವಿತಾ ಬೇರೆ ದಾರಿ ಹುಡುಕಿದಳು. ಹಕ್ಕಿಗೆ ಯಾವ ಯಾವ ಭಾಷೆಯಲ್ಲಿ ಏನೇನು ಹೆಸರಿದೆಯೋ ನೋಡೋಣ, ಪಾಟಿಗೆ ಒಪ್ಪಿಗೆಯಾದದ್ದನ್ನು ಬರೆಸೋಣ ಎಂದು ಫೋನು ತೆಗೆದಳು.

ಮಲಯಾಳದವರು ಮಣ್ಣಾತ್ತಿಪ್ಪುಳ್ಳು ಎನ್ನುತ್ತಾರಂತೆ. ಅದೂ ಒಗೆಯುವವಳೇ. ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಕಡೆಯವರು ಇದೊಂದರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಕಾವೇರಿ ನೀರಿಗೆ ಬರಲಿಲ್ಲ. ತಮಿಳಿನಲ್ಲಿ ಕರಿಚ್ಚಾನ್ ಎಂದೂ ಇದೆ, ಕರಿಯ ಅಂದ ಹಾಗೆ. ಅದನ್ನು ಇಡೋಣವೆಂದಳು ಕವಿತಾ.

"ಬಟ್ಟೆ ಬೆಳ್ಳಗೆ ಮಾಡೋ ಅಂಗಡಿಗೆ ಕರಿಯ ಅಂತ ಹೆಸರಾ?" ಎಂದೆ. ಅದು ಬಿದ್ದುಹೋಯಿತು.

ಇಂಗ್ಲಿಷಿನಲ್ಲಿ ಮ್ಯಾಗ್ಪೈ ರಾಬಿನ್. ಅವು ಬಿಳಿಯರ ಊರಿನ ಬೇರೆ ಎರಡು ಹಕ್ಕಿಗಳಂತೆ. ನಮ್ಮ ಹಕ್ಕಿಯನ್ನು ನೋಡಿ, ಹೆಸರೇನೆಂದು ಇಲ್ಲಿನವರನ್ನು ಕೇಳುವ ಬದಲು, ತಮ್ಮ ಊರಿನ ಎರಡು ಹಳೆಯ ಅಂಗಿ ಬಿಚ್ಚಿ ಹೊಲಿದು ತೊಡಿಸಿದ್ದಾರೆ. ಇನ್ನೂ ದೊಡ್ಡ ಪಂಡಿತನೊಬ್ಬ ಇದಕ್ಕೆ ಪುಸ್ತಕದ ಹೆಸರು ಇಟ್ಟನಂತೆ. ಹಿಂದಿಯವರು ಇದನ್ನು ದಯಾಳ್ ಎನ್ನುವುದು ಅವನ ಕಿವಿಗೆ 'ಡಯಲ್' ಎಂದು, ಬಿಸಿಲು ಗಡಿಯಾರದ ಹೆಸರಾಗಿ ಬಿದ್ದು, ಸೂರ್ಯನ ಹಕ್ಕಿ ಎಂದು ಬರೆದುಬಿಟ್ಟ ಎಂದು ಕಥೆ. ಅಷ್ಟು ಓದಿದವನೂ ಹಕ್ಕಿಯ ಮುಖ ನೋಡಲಿಲ್ಲ.

"ನೋಡ್ದಾ ಸಾಕಿ? ಅದಕ್ಕೆ ಗಡಿಯಾರ ಅಂದ್ರು, ಕರಿಯ ಅಂದ್ರು, ಬಾಯಿಬಡುಕ ಅಂದ್ರು, ನೋಟಿನ ಮೇಲೆ ಹಾಕಿದ್ರು. ಅದು ಒಂದಿನಾನೂ ಊರು ಬುಟ್ಟು ಓಡ್ಲಿಲ್ಲ. ಬಾಲಾನೂ ಇಳಿಸ್ಲಿಲ್ಲ."

ಸಾಕಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದಳು. "ಅದಕ್ಕೆ ರೆಕ್ಕೆ ಐತೆ. ನನ್ನ ತಲೆ ಮೇಲೆ ಗಂಟಿತ್ತು."

ನಾನು ಅವಳ ತಟ್ಟೆಗೆ ಸಾರು ಬಡಿಸಿದೆ. ನಾನು ವಾದ ಬಿಟ್ಟು ಬಡಿಸಿದ್ದು ನೋಡಿ ಕವಿತಾ ಹೆದರಿದಳು. ಹೆಸರಿನ ಜಾಗ ಖಾಲಿಯೇ ಇರಲಿ, ನಾಳೆ ಪಾಟಿ ಬಂದು ದೀಪ ಹಚ್ಚಿದರೆ ಸಾಕು ಎಂದಳು.

"ಹಕ್ಕಿ ಇದ್ದ ಮೇಲೆ ಹೆಸರು ಇದ್ದಂಗೇ," ಎಂದಳು ಸಾಕಮ್ಮ.

ಹೊಸ ಅಂಗಡಿ

ಬೆಳಿಗ್ಗೆ ಸಾಕಮ್ಮ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಮನೆಯ ಜಗಲಿಯ ಮೇಲೆ ಕೂತಳು. ಕರೆದರೆ ಬರಲಿಲ್ಲ. ಬರುವುದಿಲ್ಲ ಎನ್ನುವವಳಿಗೆ ರೇಷ್ಮೆ ಏಕೆಂದು ಕೇಳಿದೆ. ಸೆರಗು ಸರಿಮಾಡಿಕೊಂಡಳು. ಹೊಸ ಅಂಗಡಿ ಅದೇ ಬೀದಿಯ ತಿರುವಿನಲ್ಲಿತ್ತು. ನಾನು ನನ್ನ ಚೀಲ ತೆಗೆದುಕೊಂಡು ನಡೆದೆ.

ಬೋರ್ಡು ಏರಿತ್ತು. ಕೆಳಗೆ ನೆಂಟರಿಷ್ಟರು, ಮಚಿಕ್ ರೊಕಿಯಾ, ರಫೀಕ್, ಪಕ್ಕದ ಅಂಗಡಿಗಳವರು. ಕವಿತಾ ಬಾಡಿದ ಮುಖದಲ್ಲಿ ದೀಪದ ಮುಂದೆ ನಿಂತಿದ್ದಳು. ನಾನು ಕೈಗೆ ಅಭ್ಯಾಸವಾದದ್ದನ್ನು ಮಾಡಿದೆ. ಹೊಸ್ತಿಲಿನಿಂದ ಬೀದಿಯವರೆಗೆ ನಡೆಮಡಿ ಹಾಸಿದೆ.

ಈಗ ನೋಡಿ ಫಜೀತಿ. ನಮ್ಮೂರಿನಲ್ಲಿ ಹಾಸಿದರೆ ಜನ ಯೋಚಿಸದೆ ತುಳಿದು ಹೋಗುತ್ತಾರೆ. ಇಲ್ಲಿ ಒಬ್ಬರೂ ಕಾಲಿಡಲಿಲ್ಲ. ಒಗೆದ ಬಿಳಿ ಬಟ್ಟೆ, ಒಗೆಯುವ ಅಂಗಡಿಯ ಮುಂದೆ, ಮುದುಕಿಯೊಬ್ಬಳು ಒಣಹಾಕಿದ್ದಾಳೆ ಎಂದುಕೊಂಡರು. ಎಲ್ಲರೂ ಹಸಿ ಸಿಮೆಂಟಿನ ಪಕ್ಕ ನಿಂತ ಹಾಗೆ ಎರಡು ಬದಿಗೆ ನಿಂತರು. ನೂಡಲ್ಸ್ ಅಂಗಡಿಯ ಚೀನಾದ ಯಜಮಾನರು ಗೋಡೆ ಹಿಡಿದುಕೊಂಡು ಬಟ್ಟೆ ಮುಟ್ಟದೆ ಒಳಗೆ ಹೋಗಲು ನೋಡಿ ಒಂದು ಕಾಲನ್ನು ಚರಂಡಿಗೆ ಇಳಿಸಿದರು. ಪೂಜೆಗೆ ಬಂದ ಅಯ್ಯರೂ ಆಚೆಯೇ ಉಳಿದರು. "ನಡೀರಿ, ನಡೀರಿ" ಎಂದು ನಾನು ಕನ್ನಡದಲ್ಲಿ ಕೂಗಿದರೆ ಎಲ್ಲರೂ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

ಮಚಿಕ್ ಓಡಿಹೋಗಿ ಸಾಕಮ್ಮನಿಗೆ ಸುದ್ದಿ ಮುಟ್ಟಿಸಿದರು. ನಿನ್ನ ಅಕ್ಕ ಬಾಗಿಲಿಗೆ ಅಡ್ಡ ಬಟ್ಟೆ ಹಾಸಿ ಯಾರನ್ನೂ ಒಳಗೆ ಬಿಡುತ್ತಿಲ್ಲ ಎಂದರಂತೆ.

ಸಾಕಮ್ಮ ಚಪ್ಪಲಿಯನ್ನೂ ಮೆಟ್ಟದೆ ಬಂದಳು. ದೂರದಿಂದಲೇ ಬಾಯಿ.

"ಅಕ್ಕಾ! ಮಾನ ಕಳೀತೀಯಲ್ಲೇ! ಇದೇನು ತಳಿ ಅಂದ್ಕಂಡ್ಯಾ? ಸುತ್ತು ಅದನ್ನ!" ಎಂದು ತಾನೇ ಬಗ್ಗಿ ಅಂಚು ಹಿಡಿದಳು. ಅಂಚಿಗೆ ಅಂಚು. ಕೈ ಮರೆತಿರಲಿಲ್ಲ.

"ಬುಡು. ಹಾಸಿದೋಳು ನಾನು, ಸುತ್ತೋಳೂ ನಾನೇ. ನೀನು ನಡಿ."

"ನಾನಾ?" ಅವಳು ನಿಜವಾಗಿ ಬೆಚ್ಚಿದಳು. "ನಾವು ನಡೆಯಂಗಿಲ್ಲ ಕಣಕ್ಕ."

"ಹಂಗಂದೋರು ಯಾರು? ಇಲ್ಲವ್ರಾ, ತೋರ್ಸು."

ಅವಳು ಸುತ್ತ ನೋಡಿದಳು. ಮಚಿಕ್, ರಫೀಕ್, ಒಂದು ಕಾಲು ಒದ್ದೆಯಾದ ಚೀನಾದ ಯಜಮಾನರು. ಕಟ್ಟೆಯ ಹುಡುಗರು ಒಬ್ಬರೂ ಇರಲಿಲ್ಲ. ಆಗ ಮೇಲಿನ ತಂತಿಯಿಂದ ಅದು ಶಿಳ್ಳೆ ಹಾಕಿತು. ಉದ್ದಕ್ಕೆ, ಏರಿಸಿ, ಇಳಿಸಿ, ಹಳೆಯ ಹುಡುಗರಿಗಿಂತ ಚೆನ್ನಾಗಿ. ಸಾಕಮ್ಮನ ಕತ್ತು ತಾನಾಗಿ ಬಗ್ಗಿತು. ತಲೆಯ ಮೇಲೆ ಗಂಟಿಲ್ಲ ಎಂಬುದು ಆಮೇಲೆ ನೆನಪಾಗಿರಬೇಕು. ಎತ್ತಿದಳು.

ಕಾಲನ್ನು ಸೀರೆಯ ಅಂಚಿಗೆ ಒರೆಸಿಕೊಂಡಳು, ರೇಷ್ಮೆಗೆ. ನಾನು ಬೈಯಲಿಲ್ಲ. ಬಟ್ಟೆಯ ಮೇಲೆ ಹೆಜ್ಜೆ ಇಟ್ಟಳು. ನಾನು ಪಕ್ಕದ ಸಿಮೆಂಟಿನಲ್ಲಿ ಅವಳ ಜೊತೆ ನಡೆದೆ. ಅವಳು ಹೊಸ್ತಿಲು ದಾಟಿದ ಮೇಲೆ ಎಲ್ಲರಿಗೂ ಅರ್ಥವಾಗಿ ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಹಿಂದೆ ಬಂದರು. ಚೀನಾದವರು ಒದ್ದೆ ಕಾಲನ್ನು ಎತ್ತಿಕೊಂಡು ಒಂಟಿ ಕಾಲಿನಲ್ಲಿ ಕುಂಟಿದರು.

ದೀಪ ಹಚ್ಚಿ ಸಾಕಮ್ಮ ಹೊರಗೆ ಬಂದು ಬೋರ್ಡನ್ನು ನೋಡಿದಳು. ಕವಿತಾ ಹಿಂದೆಯೇ ಬಂದಳು.

"ಬಾಲ ಸರಿಯಿಲ್ಲ," ಎಂದಳು ಸಾಕಮ್ಮ. "ಇನ್ನೂ ಮೇಲಕ್ಕಿರ್ಬೇಕು. ಅದನ್ನ ಸರಿ ಮಾಡ್ಸು. ಕೆಳಗೆ ಮಡಿವಾಳ ಅಂತ ದಪ್ಪಕ್ಷರದಾಗೆ ಬರ್ಸು. ಶಿಳ್ಳೆ ಹಾಕೋರು ದುಡ್ಡು ಖರ್ಚು ಮಾಡ್ಕಂಡು ಇಲ್ಲಿಗೇ ಬಂದು ಹಾಕ್ಲಿ."

ತಿರುಗಿ ತಳಿ

ತಂಗಿಯ ಹೆಜ್ಜೆ ಬಿದ್ದ ಬಟ್ಟೆಯನ್ನು ಹಾಗೆಯೇ ಎತ್ತಿಟ್ಟುಕೊಂಡೆಯಾ ಎಂದು ರತ್ನ ಕೇಳಿದಳು. ಯಾಕೆ ಇಟ್ಟುಕೊಳ್ಳಲಿ? ಅಲ್ಲೇ ಹೊಸ ಅಂಗಡಿಯ ಯಂತ್ರಕ್ಕೆ ಹಾಕಿದೆ, ಮೊದಲ ಗಿರಾಕಿ ನಾನೇ. ಸಾಕಮ್ಮನ ಕಾಲಿನ ಮಣ್ಣು ಹೋಯಿತು, ಚೀನಾದವರ ಚರಂಡಿ ಹೋಗಲಿಲ್ಲ. ಊರಿಗೆ ತಂದು ಕಲ್ಲಿಗೆ ಎರಡು ಬಡಿದೆ, ಹೋಯಿತು.

ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಬೇಲಿಯ ಮೇಲೆ ನಮ್ಮ ಮಡಿವಾಳ ಬಂದು ಕೂತಿತ್ತು. ಬಾಲ ಆಕಾಶಕ್ಕೆ. ಪರದೇಶದಲ್ಲಿ ನಿನ್ನ ಹೆಸರು ಬೋರ್ಡಿಗೆ ಏರಿದೆ, ಇನ್ನಾದರೂ ಮರ್ಯಾದೆಯಿಂದ ಇರು ಎಂದು ಹೇಳಿದೆ. ಅದು ಒಂದು ಚೆಂದದ ಶಿಳ್ಳೆ ಹಾಕಿ, ಹಾರಿ ಬಂದು ಹಗ್ಗದ ಮೇಲೆ ಕೂತು, ಒಗೆದ ನಡೆಮಡಿಯ ನಟ್ಟನಡುವೆ ಹಿಕ್ಕೆ ಹಾಕಿ ಹೋಯಿತು.

ಮತ್ತೆ ಒಗೆದೆ.